ಚೀಟಿ ಇಲ್ಲದೆ ಬರೆದ ಬೋರ್ಡು

ಶಿರಾ
24 ಜೂನ್ 2024

ಪ್ರೀತಿಯ ಬೇಟಿ ಅತಿಯಾಗೆ ಅಬ್ಬಾನ ಸಲಾಮು.

ಬಕ್ರೀದಿಗೆ ನೀನೂ ಅಳಿಯ ಅತೀಕನೂ ಬಂದುಹೋಗಿ ಒಂದು ವಾರವಾಯಿತು. ಅಷ್ಟು ಹೊತ್ತು ಎದುರಿಗೆ ಕೂತು ಮಾತಾಡಿದೆಯಲ್ಲ, ಅದರಲ್ಲಿ ನನಗೆ ಕೇಳಿಸಿದ್ದು ಕಾಲುಭಾಗ. ಮಿಕ್ಕಿದ್ದಕ್ಕೆಲ್ಲ ಸುಮ್ಮನೆ ತಲೆಯಾಡಿಸಿದೆ. ನಿನ್ನ ತಮ್ಮ ಇಜಾಜ್ ತಂದುಕೊಟ್ಟ ಕಿವಿಯ ಮಿಷಿನ್ನಿನಲ್ಲಿ ಬೀದಿಯ ಆಟೋಗಳೆಲ್ಲ ಕೇಳುತ್ತವೆ, ಮನೆಯವರ ಮಾತೊಂದೇ ಕೇಳುವುದಿಲ್ಲ. ಫೋನಂತೂ ಬೇಡವೇ ಬೇಡ. ಮೊಬೈಲಿನಲ್ಲಿ ಟೈಪು ಮಾಡಿ ಕಳಿಸು ಎನ್ನುತ್ತಾನೆ ಅವನು. ನಲವತ್ತು ವರ್ಷ ಬೋರ್ಡು ಬರೆದು ಅನ್ನ ತಿಂದ ಕೈ ಕಣಮ್ಮ ಇದು, ಗಾಜಿನ ಮೇಲೆ ಬೆರಳು ಉಜ್ಜಲು ಒಪ್ಪುವುದಿಲ್ಲ. ಅದಕ್ಕೇ ಕಾಗದ.

ನೀನು ಕನ್ನಡ ಎಂ.ಎ.ಗೆ ಅರ್ಜಿ ಹಾಕುತ್ತೀಯಂತೆ. ನಿನ್ನ ಅಮ್ಮಿ ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು, ಪಕ್ಕದ ಮೂರು ಮನೆಗೂ ಗೊತ್ತಾಯಿತು. ಹತ್ತು ವರ್ಷದಿಂದ ಮಧುಗಿರಿ ಕೋರ್ಟಿನಲ್ಲಿ ವಕೀಲಿಕೆ ಮಾಡುವವಳಿಗೆ ಮೂವತ್ತನಾಲ್ಕರಲ್ಲಿ ಮತ್ತೆ ಪುಸ್ತಕ ಯಾಕೆ ಎಂದು ಅವಳ ಚಿಂತೆ. ಗೌಡಗೆರೆ ಕಡೆಯ ಕೇಸಿನಲ್ಲಿ ಗಡಿಕಲ್ಲಿನ ಮೇಲಿನ ಹಳೆಯ ಅಕ್ಷರ ಓದುವವರು ಇಡೀ ಕೋರ್ಟಿನಲ್ಲಿ ಒಬ್ಬರೂ ಇರಲಿಲ್ಲ, ಅದಕ್ಕೇ ಕಲಿಯಬೇಕು ಅಂದೆಯಂತೆ. ನನಗೆ ಸಂತೋಷವೇ. ಕಲ್ಲಿನ ಮೇಲೆ ಕೆತ್ತಿದವನೂ ನನ್ನ ಹಾಗೆ ಒಬ್ಬ ಕೂಲಿ. ಅವನಿಗೂ ಯಾರೋ ಚೀಟಿ ಬರೆದುಕೊಟ್ಟಿರುತ್ತಾರೆ.

ಚೀಟಿ ಎಂದಾಗ ನೆನಪಾಯಿತು. ಪಾವಗಡದ ಹೋಟೆಲಿನವನ ಕತೆ ನಿನಗೆ ಗೊತ್ತಲ್ಲ. ತಾನೇ ಚೀಟಿಯಲ್ಲಿ 'ಶುದ್ದ ಸಸ್ಯಹಾರಿ' ಎಂದು ಬರೆದುಕೊಟ್ಟ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಯಾರೋ ಮೇಷ್ಟರು ನಕ್ಕರಂತೆ, ಮಾರನೆಯ ದಿನ ಬಂದು ಕುಣಿದಾಡಿದ: "ಏಮಿ ಸಾಯಬೂ, ನನ್ ಮಾನ ತೆಗೆದ್ಬುಟ್ಟೆ ಕದಾ!" ಚೀಟಿ ತೆಗೆದು ತೋರಿಸಿದೆ. ಅವನದೇ ಅಕ್ಷರ, ಕೆಳಗೆ ಅವನದೇ ಸಹಿ. ಬಾಯಿ ಮುಚ್ಚಿಕೊಂಡು ಹೋದ. ಚೀಟಿ ಇದ್ದರೆ ತಪ್ಪು ಗಿರಾಕಿಯದು, ಇಲ್ಲದಿದ್ದರೆ ಪೇಂಟರದು. ಇದು ನನ್ನ ಉಸ್ತಾದರು ಕಲಿಸಿದ ಕಾನೂನು. ನಲವತ್ತು ವರ್ಷದಲ್ಲಿ ನಾನು ಚೀಟಿ ಇಲ್ಲದೆ ಬರೆದದ್ದು ಒಂದೇ ಬೋರ್ಡು. ಅದು ಯಾವುದೆಂದು ನಿನಗೂ ಗೊತ್ತು.

ಇರಲಿ. ಅರ್ಜಿಯಲ್ಲಿ ಏನೇನು ಕೇಳುತ್ತಾರೆ? ಹಳೆಯ ಸರ್ಟಿಫಿಕೇಟುಗಳನ್ನೆಲ್ಲ ತೋರಿಸಬೇಕೇ? ನಿಧಾನವಾಗಿ ನೋಡಿ ತುಂಬು. ಗಡಿಬಿಡಿ ಬೇಡ.

ನಿನ್ನ ಅಬ್ಬಾ
ಕರೀಮ್ ಸಾಬ್
(ಕರೀಮ್ ಆರ್ಟ್ಸ್, ಶಿರಾ. ಅಭ್ಯಾಸ, ಏನು ಮಾಡಲಿ!)


ಮಧುಗಿರಿ
19 ಜುಲೈ 2024

ಅಬ್ಬಾಜಾನ್‌ಗೆ ಅತಿಯಾಳ ಸಲಾಮು.

ನಿಮ್ಮ ಕಾಗದ ಮೂರು ವಾರದಿಂದ ಮೇಜಿನ ಮೇಲಿದೆ. ಎರಡು ಸಲ ಉತ್ತರ ಬರೆದು ಹರಿದುಹಾಕಿದೆ. ಸರ್ಟಿಫಿಕೇಟುಗಳನ್ನೆಲ್ಲ ತೋರಿಸಬೇಕೇ ಎಂದು ಕೇಳಿದ್ದಿರಿ. ತೋರಿಸಬೇಕು ಅಬ್ಬಾ. ಮೊನ್ನೆ ಅದೇ ಆಯಿತು.

ವಿಶ್ವವಿದ್ಯಾಲಯದ ಕಚೇರಿಗೆ ಅರ್ಜಿ ಕೊಡಲು ಹೋಗಿದ್ದೆ. ಕೌಂಟರಿನಲ್ಲಿದ್ದವರು ಕಾಗದ ಒಂದೊಂದಾಗಿ ಮಗುಚಿದರು. ಎಸ್ಸೆಸ್ಸೆಲ್ಸಿ ಆಯಿತು, ಪಿ.ಯು.ಸಿ. ಆಯಿತು. "ಡಿಗ್ರಿ ಎಲ್ಲಮ್ಮ?" ಅಂದರು. ಎಲ್‌ಎಲ್.ಬಿ. ಇದೆಯಲ್ಲ ಅಂದೆ. "ಅದು ಲಾಯರ್ ಡಿಗ್ರಿ. ಡಿಗ್ರಿ ಡಿಗ್ರಿ ಎಲ್ಲಿ? ಬಿ.ಎ.ನೋ ಬಿ.ಎಸ್ಸಿ.ನೋ?" ನಮ್ಮ ಕಡೆ ಡಿಗ್ರಿ ಅಂದರೆ ಅದೇ ತಾನೇ! ನಾನು ಬಾಯಿ ಬಿಡುವ ಮೊದಲೇ ಅವರ ಕೈಗೆ ನನ್ನ ಸೀನಿಯರ್ ಗಂಗಹನುಮಯ್ಯನವರು ಕೊಟ್ಟ ಪ್ರಮಾಣಪತ್ರ ಸಿಕ್ಕಿತು. 'ಶ್ರೀಮತಿ ಅತಿಯಾ ಬಾನು, ಬಿ.ಎ., ಎಲ್‌ಎಲ್.ಬಿ., ಇವರು ಹತ್ತು ವರ್ಷಗಳಿಂದ ನನ್ನ ಜೊತೆ ವಕೀಲಿ ವೃತ್ತಿಯಲ್ಲಿದ್ದಾರೆ' ಎಂದು. "ಇಲ್ಲೇ ಐತಲ್ಲ ಬಿ.ಎ.! ಮಾರ್ಕ್ಸ್ ಕಾರ್ಡ್ ಯಾಕ್ ಇಟ್ಟಿಲ್ಲ?" ಎಂದು ಕೇಳಿದರು.

ಅಬ್ಬಾ, ನಾನು ಏನು ಹೇಳಿದೆ ಗೊತ್ತೇ? "ಮನೇಲಿ ಮರೆತುಬಂದೆ ಸಾರ್" ಅಂದೆ.

ಮರೆತುಬಂದಿಲ್ಲ. ನನಗೆ ಬಿ.ಎ. ಇಲ್ಲ. ನಾನು ಪಿ.ಯು.ಸಿ. ಮುಗಿಸಿ ನೇರವಾಗಿ ಐದು ವರ್ಷದ ಕಾನೂನಿಗೆ ಸೇರಿದವಳು. ಆ ಐದು ವರ್ಷಕ್ಕೆ ನಮ್ಮ ಬ್ಯಾಚಿನವರಿಗೆ ಕೊಟ್ಟದ್ದು ಎಲ್‌ಎಲ್.ಬಿ. ಒಂದನ್ನೇ. ಮೂರು ವರ್ಷ ಬಿ.ಎ. ಓದಿ ಆಮೇಲೆ ಕಾನೂನು ಓದಿದವರು ಬಿ.ಎ., ಎಲ್‌ಎಲ್.ಬಿ. ಎಂದು ಬರೆದುಕೊಳ್ಳುತ್ತಾರೆ. ಅದು ಎರಡು ಬೇರೆ ಬೇರೆ ಓದು. ನಾನು ಓದಿದ್ದು ಒಂದು.

ನನ್ನ ಆಫೀಸು ಶುರುವಾದ ದಿನ ನಿಮಗೆ ನೆನಪಿದೆಯಲ್ಲ. ನನಗೆ ಹೇಳದೆ ನೀವೇ ಬೋರ್ಡು ಬರೆದು ತಂದು, ಬಿಳಿ ಪಂಚೆ ಮುಚ್ಚಿ ಬಾಗಿಲ ಮೇಲೆ ಹೊಡೆಸಿದ್ದಿರಿ. ಗಂಗಹನುಮಯ್ಯನವರು ಪಂಚೆ ಎಳೆದರು. ನೀಲಿಯ ಮೇಲೆ ಬಿಳಿ ಅಕ್ಷರ, ಒಂದೊಂದಕ್ಕೂ ಹಳದಿ ನೆರಳು. ಎಷ್ಟು ಚೆಂದ ಬರೆದಿದ್ದಿರಿ ಅಬ್ಬಾ! ಎಲ್ಲರೂ ಚಪ್ಪಾಳೆ ತಟ್ಟುವಾಗ ನನ್ನ ಕಣ್ಣು ಮಾತ್ರ ಹೆಸರಿನ ಮುಂದಿನ ಆ ಎರಡಕ್ಷರದ ಮೇಲೆ ನಿಂತಿತ್ತು. ನೀವು ಬೋರ್ಡನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಿರಿ. "ಎಲ್ಲ ಸರಿ ಇದೆಯಾ ಬೇಟಿ?" ಎಂದಿರಿ. "ಸರಿ ಇದೆ ಅಬ್ಬಾ" ಎಂದೆ.

ನಾಳೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ವಿಸಿಟಿಂಗ್ ಕಾರ್ಡಿನವನು ಬೋರ್ಡು ನೋಡಿಯೇ ಅಚ್ಚುಹಾಕಿದ. ಕಾರ್ಡು ನೋಡಿ ವಕೀಲರ ಸಂಘದ ಪಟ್ಟಿಯಲ್ಲಿ ಸೇರಿತು. ನಿಕಾಹ್ ಕಾರ್ಡಿನಲ್ಲೂ ಬಂತು. ಒಂದು ಕಡೆಯೂ ನಾನಾಗಿ ಬರೆಯಲಿಲ್ಲ, ಒಂದು ಕಡೆಯೂ ಬೇಡವೆನ್ನಲಿಲ್ಲ. ಕೋರ್ಟಿನಲ್ಲಿ ಪಾಟೀಸವಾಲು ಮಾಡುವಾಗ ಎದುರಿನ ಸಾಕ್ಷಿಯನ್ನು "ನೀವು ಸುಳ್ಳು ಹೇಳ್ತಿದ್ದೀರಿ" ಎಂದು ಗದರುವವಳು ನಾನು. ಸಂಜೆ ಆಫೀಸಿನ ಬೀಗ ಹಾಕುವಾಗ ತಲೆ ಎತ್ತುವುದಿಲ್ಲ.

ಇಷ್ಟು ವರ್ಷ ಬೋರ್ಡು ಹೇಳುತ್ತಿದ್ದ ಸುಳ್ಳನ್ನು ಮೊನ್ನೆ ಮೊದಲ ಸಲ ನನ್ನ ಬಾಯೇ ಹೇಳಿತು. ನನಗೆ ನನ್ನ ಮೇಲೇ ಅಸಹ್ಯವಾಗಿದೆ. ನಿಮಗೆ ಇದನ್ನು ಬರೆಯಲು ಇನ್ನೂ ಹೆಚ್ಚು ನಾಚಿಕೆ. ನಿಮ್ಮ ಕೈಯಿಂದಾದದ್ದನ್ನು ಎತ್ತಿ ಆಡುತ್ತಿದ್ದಾಳೆ ಎಂದುಕೊಳ್ಳಬೇಡಿ. ಬೇಗ ಬರೆಯಿರಿ.

ನಿಮ್ಮ
ಅತಿಯಾ


ಮಧುಗಿರಿ
30 ಆಗಸ್ಟ್ 2024

ಅಬ್ಬಾಜಾನ್‌ಗೆ ಸಲಾಮು.

ನಲವತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಇಜಾಜ್‌ಗೆ ಫೋನ್ ಮಾಡಿದ್ದೆ. "ಅಬ್ಬಾ ಯಾರ ಜೊತೆಯೂ ಸರಿಯಾಗಿ ಮಾತಾಡ್ತಿಲ್ಲ ಆಪಾ, ಹಿಂದಿನ ಕೋಣೇಲಿ ಕೂತು ಒಣಗಿರೋ ಬ್ರಷ್‌ಗಳನ್ನ ತೊಳೀತಾರೆ" ಅಂದ. ಬೈದಾದರೂ ಬರೆಯಿರಿ ಅಬ್ಬಾ.

ವಿಶ್ವವಿದ್ಯಾಲಯದಿಂದ ನೋಟೀಸು ಬಂದಿದೆ. ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೇ ಸಾಲು. ನನ್ನ ಐದು ವರ್ಷದ ಎಲ್‌ಎಲ್.ಬಿ.ಯನ್ನೇ ಪದವಿ ಎಂದು ಒಪ್ಪಿಕೊಳ್ಳುತ್ತಾರಂತೆ, ಎಂ.ಎ. ಸೇರಲು ಅದು ಸಾಕಂತೆ. ಆದರೆ ಸೀನಿಯರ್ ಕೊಟ್ಟ ಪ್ರಮಾಣಪತ್ರದಲ್ಲಿ ಕಾಣಿಸಿರುವ ಬಿ.ಎ.ಯ ಅಂಕಪಟ್ಟಿಯನ್ನು ಸೆಪ್ಟೆಂಬರ್ ಇಪ್ಪತ್ತರೊಳಗೆ ಒದಗಿಸಬೇಕು, ಇಲ್ಲವೇ ಲಿಖಿತ ವಿವರಣೆ ಕೊಡಬೇಕು. ಎರಡೂ ಆಗದಿದ್ದರೆ ಅರ್ಜಿ ತಿರಸ್ಕಾರ.

ನೋಡಿದಿರಾ? ಆ ಬಿ.ಎ. ನನಗೆ ಬೇಕೇ ಆಗಿರಲಿಲ್ಲ. ಎಲ್‌ಎಲ್.ಬಿ.ಯಲ್ಲಿರುವ 'ಬಿ'ಗೇ ಪದವಿ ಎಂದು ಅರ್ಥ. ನನ್ನ ಹತ್ತಿರ ಇದ್ದದ್ದು ಸಾಕಾಗಿತ್ತು, ಇಲ್ಲದ್ದು ಈಗ ದಾರಿಗೆ ಅಡ್ಡ ಮಲಗಿದೆ.

ಅರ್ಜಿ ವಾಪಸು ತೆಗೆದುಕೊಂಡು ಸುಮ್ಮನಾಗಬಹುದು. ಯಾರಿಗೂ ಏನೂ ತಿಳಿಯುವುದಿಲ್ಲ, ಬೋರ್ಡು ಹಾಗೇ ಇರುತ್ತದೆ. ನಿಜ ಹೇಳುತ್ತೇನೆ, ಎರಡು ದಿನ ಅದನ್ನೇ ಮಾಡೋಣ ಅಂದುಕೊಂಡಿದ್ದೆ. ಗಂಗಹನುಮಯ್ಯನವರ ಮುಂದೆ ನಿಂತು 'ಸಾರ್, ನೀವು ಸಹಿ ಮಾಡಿದ್ದು ಸುಳ್ಳು' ಎನ್ನುವ ಧೈರ್ಯ ನನಗಿಲ್ಲ. ನಿನ್ನೆ ಅತೀಕ್‌ಗೆ ಮಾತ್ರ ಹೇಳಿದೆ. ಅವರು, "ನಂದೂ ಬಿ.ಕಾಂ.ನಲ್ಲಿ ಒಂದು ಸಬ್ಜೆಕ್ಟ್ ಇನ್ನೂ ಉಳಿದಿದೆ, ಮದುವೆ ಹೊತ್ತಲ್ಲಿ ಹೇಳಿರ್ಲಿಲ್ಲ" ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಮತ್ತೆ ನೋಟೀಸು ಅಲ್ಲೇ ಇತ್ತು.

ನೀವು ಏನನ್ನುತ್ತೀರಿ ಎಂದು ತಿಳಿಯದೆ ನನಗೆ ಮುಂದಕ್ಕೆ ಕಾಲೇ ಬರುತ್ತಿಲ್ಲ.

ನಿಮ್ಮ
ಅತಿಯಾ


ಶಿರಾ
5 ಸೆಪ್ಟೆಂಬರ್ 2024

ಬೇಟಿ ಅತಿಯಾಗೆ ಸಲಾಮು.

ನಿನಗೆ ಬಿ.ಎ. ಇಲ್ಲವೆಂದು ನನಗೆ ಐದು ವರ್ಷದಿಂದ ಗೊತ್ತು.

ಇಷ್ಟು ಬರೆಯಲು ನಲವತ್ತು ದಿನ ಬೇಕಾಯಿತು. ಇನ್ನು ಮಿಕ್ಕಿದ್ದನ್ನು ಹೇಳುತ್ತೇನೆ, ಕೇಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರದ ಹೊಟ್ಟೆ ಎಷ್ಟು ದಪ್ಪ, ಕೊಂಬು ಎಷ್ಟು ಉದ್ದ ಎಂದು ಗೊತ್ತು. ಅದು ಏನು ಹೇಳುತ್ತದೆ ಎನ್ನುವುದು ಚೀಟಿ ಕೊಟ್ಟವನ ತಲೆನೋವು. ವಕೀಲರ ಬೋರ್ಡು ಎಷ್ಟೋ ಬರೆದಿದ್ದೇನೆ. ಹೆಚ್ಚಿನವರದು ಬಿ.ಎ., ಎಲ್‌ಎಲ್.ಬಿ. ಎಂದೇ ಇರುತ್ತಿತ್ತು. ಒಬ್ಬೊಬ್ಬರದು ಬಿ.ಕಾಂ., ಒಬ್ಬೊಬ್ಬರದು ಬಿ.ಎಸ್ಸಿ. ನಾನು ಏನೆಂದುಕೊಂಡಿದ್ದೆ ಗೊತ್ತಾ? ಬಿ.ಕಾಂ. ಅಂದರೆ ವ್ಯಾಪಾರಸ್ಥರ ಕೇಸಿನ ವಕೀಲರು, ಬಿ.ಎಸ್ಸಿ. ಅಂದರೆ ಜಮೀನು ಅಳತೆಯ ವಕೀಲರು, ಬಿ.ಎ. ಅಂದರೆ ಎಲ್ಲ ಕೇಸೂ ನೋಡುವ ಮಾಮೂಲಿ ವಕೀಲರು. ನೀನು ಎಲ್ಲ ಕೇಸೂ ನೋಡುತ್ತೇನೆ ಅಂದಿದ್ದೆ. ಬಿ.ಎ. ಹಾಕಿದೆ. ನಗು, ನಗು. ನಾನೂ ಈಗ ನಗುತ್ತೇನೆ, ಆದರೆ ಎದೆಯಲ್ಲಿ ಚುಚ್ಚುತ್ತದೆ.

ಐದು ವರ್ಷದ ಹಿಂದೆ ಕೊರಟಗೆರೆಗೆ ಹೋಗಿದ್ದೆ, ಸಿದ್ದರಬೆಟ್ಟಕ್ಕೆ ದಾರಿ ಎಂದು ಬಾಣದ ಗುರುತಿನ ಬೋರ್ಡು ಬರೆಯಲು. ಅಲ್ಲೇ ನಾಗಭೂಷಣ್ ಎಂಬ ಹೊಸ ವಕೀಲರು ತಮ್ಮದೂ ಒಂದು ಬರೆದುಕೊಡಿ ಎಂದು ಚೀಟಿ ಕೊಟ್ಟರು. ಹೆಸರು, ಅದರ ಮುಂದೆ ಬರೀ ಎಲ್‌ಎಲ್.ಬಿ. "ಇದಕ್ ಮುಂಚಿಂದು ಮರ್ತಿದೀರಾ ಸಾರ್, ಯಾವ್ದು ಹಾಕ್ಲಿ, ಬಿ.ಎ.ನಾ ಬಿ.ಕಾಂ.ಆ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ಅದು ಬೇರೇನೇ ಡಿಗ್ರಿ ಸಾಬ್ರೆ. ನಾನು ಪಿಯುಸಿ ಮುಗಿಸ್ಕೊಂಡು ಸೀದಾ ಐದ್ ವರ್ಷ ಲಾ ಓದ್ದೋನು. ನಂಗೆ ಅದಿಲ್ಲ" ಅಂದರು. "ನನ್ ಮಗ್ಳೂ ಹಂಗೇ ಓದಿದ್ದು" ಅಂದೆ. "ಹಂಗಾದ್ರೆ ಅವ್ರಿಗೂ ಇಲ್ಲ ಬುಡಿ" ಅಂದರು. ಆಗ ಕಿವಿ ಚೆನ್ನಾಗಿ ಕೇಳುತ್ತಿತ್ತು. ಏಣಿ ಹಿಡಿದುಕೊಂಡು ಹಾಗೇ ಕೂತೆ.

ಹದಿನೈದು ದಿನ ಬಿಟ್ಟು ನಿನ್ನ ಆಫೀಸಿಗೆ ಬಂದಿದ್ದೆ, ನೆನಪಿದೆಯಾ? ಕಡಲೆಕಾಯಿ ತಂದೆ ಅಂದೆನಲ್ಲ. ಆ ಚೀಲದಲ್ಲಿ ಕಡಲೆಕಾಯಿಯ ಕೆಳಗೆ ನೀಲಿ ಬಣ್ಣದ ಡಬ್ಬಿಯೂ ಬ್ರಷ್ಷೂ ಇದ್ದವು. ನೀನು ಕೋರ್ಟಿನಿಂದ ಬರುವಷ್ಟರಲ್ಲಿ ಅಳಿಸಿಬಿಡೋಣ ಎಂದು ಬಂದಿದ್ದೆ. ಬಾಗಿಲಲ್ಲಿ ಗೌಡಗೆರೆ ಕಡೆಯ ಒಬ್ಬ ಮುದುಕಿ ತನ್ನ ಮಗಳ ಕೈಲಿ ಬೋರ್ಡು ಓದಿಸುತ್ತಿದ್ದಳು. ಮಗಳು ಬಿಡಿಸಿ ಬಿಡಿಸಿ ಓದಿದಳು. ಮುದುಕಿ, "ಎಲ್ಡೆಲ್ಡ್ ಓದೈತಂತೆ ಈವಮ್ಮ, ನಮ್ ಕೇಸ್ ಗೆದ್ದಂಗೇ ಬುಡು" ಅಂದಳು. ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಕೈ ಬರಲಿಲ್ಲ. ನೀನು ಬಂದ ಮೇಲೆ ಕಡಲೆಕಾಯಿ ನಿನ್ನ ಮೇಜಿನ ಮೇಲೆ ಸುರಿದು, ಟೀಯನ್ನೂ ಕುಡಿಯದೆ ಬಸ್ಸು ಹತ್ತಿದೆ.

ಅಬ್ಬಾನಿಗೆ ಅವಮಾನವಾಗುತ್ತದೆ ಎಂದು ನೀನು ಸುಮ್ಮನಿದ್ದೆ. ಮಗಳಿಗೆ ಅವಮಾನವಾಗುತ್ತದೆ ಎಂದು ನಾನು ಸುಮ್ಮನಿದ್ದೆ. ಆ ಎರಡಕ್ಷರ ಮಾತ್ರ ಆರಾಮಾಗಿ ಬಿಸಿಲು ಕಾಯಿಸಿಕೊಂಡು ನಿಂತಿದ್ದವು. "ಸರಿ ಇದೆ ಅಬ್ಬಾ" ಎಂದು ನೀನು ಅಂದದ್ದು ನನಗೆ ಮರೆತೇಹೋಗಿತ್ತು. ನಿನ್ನ ಕಾಗದದಲ್ಲಿ ಅದನ್ನು ಓದಿದ ಮೇಲೆ ಪೆನ್ನು ಹಿಡಿಯಲು ಆಗಲಿಲ್ಲ. ಗೊತ್ತಿಲ್ಲದವನನ್ನು ಕಾಪಾಡಲು ಗೊತ್ತಿದ್ದವಳು ಸುಳ್ಳು ಹೇಳಿದಳಲ್ಲ!

ಅರ್ಜಿ ವಾಪಸು ತೆಗೆಯಬೇಡ. ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ, ಛಾಪಾ ಕಾಗದದ ಮೇಲೆಯೇ ಬರೆದಿದ್ದೇನೆ: 'ನಾನು, ಕರೀಮ್ ಸಾಬ್, ಬೋರ್ಡು ಬರೆಯುವವನು. ನನ್ನ ಮಗಳ ಹೆಸರಿನ ಮುಂದೆ ಬಿ.ಎ. ಎಂದು ತಿಳಿವಳಿಕೆ ಇಲ್ಲದೆ ನಾನೇ ಸೇರಿಸಿದೆ. ಚೀಟಿ ಪಡೆದಿರಲಿಲ್ಲ. ತಪ್ಪು ಪೂರ್ತಿ ನನ್ನದು, ಅವಳದಲ್ಲ.' ಇದನ್ನು ಲಗತ್ತಿಸು. ಪೇಂಟರನ ತಪ್ಪೆಂದರೆ ಲೋಕ ಒಪ್ಪುತ್ತದೆ. ದಿನಾ ಆಗುವುದೇ.

ನಿನ್ನ ಅಬ್ಬಾ
ಕರೀಮ್ ಸಾಬ್


ಮಧುಗಿರಿ
22 ಸೆಪ್ಟೆಂಬರ್ 2024

ಅಬ್ಬಾಜಾನ್‌ಗೆ ಸಲಾಮು.

ಕಡಲೆಕಾಯಿ ತಂದ ಅವತ್ತು ನಿಮ್ಮ ಕೈಯಲ್ಲಿ ಟರ್ಪೆಂಟೈನಿನ ವಾಸನೆ ಇತ್ತು. ದಾರಿಯಲ್ಲಿ ಎಲ್ಲೋ ಕೆಲಸ ಮುಗಿಸಿ ಬಂದಿದ್ದೀರಿ ಅಂದುಕೊಂಡೆ. ನಿಮ್ಮ ಕಾಗದ ಓದಿ ಅಡಿಗೆಮನೆಯಲ್ಲಿ ಕೂತು ಅತ್ತೆ.

ಛಾಪಾ ಕಾಗದ ತಲುಪಿತು. ಅದನ್ನು ಲಗತ್ತಿಸಲಿಲ್ಲ. ಕೋಪ ಮಾಡಿಕೊಳ್ಳಬೇಡಿ, ಯಾಕೆಂದು ಹೇಳುತ್ತೇನೆ.

ಮೊದಲು ಗಂಗಹನುಮಯ್ಯನವರ ಹತ್ತಿರ ಹೋದೆ. ನೋಟೀಸು ಕೊಟ್ಟು, ಎಲ್ಲ ಹೇಳಿ, ನೆಲ ನೋಡುತ್ತ ನಿಂತೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲ ಕಣಮ್ಮ, ನಲವತ್ತೆರಡ್ ವರ್ಸದಾಗೆ ನನ್ ಸಹಿ ಮೇಲ್ಗಡೆ ಒಂದ್ ಸುಳ್ ಹೋಗಿರ್ಲಿಲ್ಲ. ಹೋಗ್ಬುಡ್ತಲ್ಲ" ಅಂದರು. ಅಷ್ಟೇ. ಹೊಸ ಪ್ರಮಾಣಪತ್ರವನ್ನು ತಮ್ಮ ಕೈಯಲ್ಲೇ ಬರೆದರು, 'ಎಲ್‌ಎಲ್.ಬಿ.' ಎಂದು ಬರೆದು ಅದರ ಕೆಳಗೆ ಗೆರೆ ಎಳೆದರು. ಹತ್ತು ವರ್ಷದಲ್ಲಿ ಮೊದಲ ಸಲ ನನಗೆ ಟೀ ಹೇಳಲಿಲ್ಲ. ಆ ಮೆಟ್ಟಿಲು ಇಳಿಯುವಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹದಿನೆಂಟನೇ ತಾರೀಕು ವಿಶ್ವವಿದ್ಯಾಲಯಕ್ಕೆ ಹೋದೆ. ಕೌಂಟರಿನಲ್ಲಿ ಅವರೇ ಇದ್ದರು. "ಸಾರ್, ಅವತ್ತು ಮರೆತುಬಂದೆ ಅಂದಿದ್ದೆ. ಮರೆತಿರಲಿಲ್ಲ, ನನಗೆ ಬಿ.ಎ. ಇಲ್ಲವೇ ಇಲ್ಲ" ಅಂದೆ. ಹಿಂದೆ ನಿಂತಿದ್ದ ಹುಡುಗಿಯರೆಲ್ಲ ನನ್ನನ್ನೇ ನೋಡಿದರು. ಅವರು ತಲೆಯೂ ಎತ್ತದೆ, "ಅಷ್ಟೇನಾ? ಅವತ್ತೇ ಅಂದಿದ್ರೆ ಅವತ್ತೇ ಮುಗಿದೋಗ್ತಿತ್ತಲ್ಲಮ್ಮ" ಎಂದು ಸೀಲು ಹೊಡೆದರು.

ನನ್ನ ವಿವರಣೆಯಲ್ಲಿ ಏನು ಬರೆದೆ ಎಂದು ನಿಮಗೆ ತಿಳಿಯಬೇಕು. ಇಷ್ಟೇ ಬರೆದೆ: 'ನಾನು ಬಿ.ಎ. ಪದವೀಧರೆಯಲ್ಲ. ನನ್ನ ನಾಮಫಲಕದಲ್ಲಿ ಅದು ತಿಳಿಯದೆ ಸೇರಿತು. ಬರೆದವರಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಹತ್ತು ವರ್ಷ ನಾನು ಅದನ್ನು ತಿದ್ದಿಸಲಿಲ್ಲ. ನನ್ನ ಸೀನಿಯರ್ ಅದನ್ನು ನಂಬಿ ಪ್ರಮಾಣಪತ್ರ ಕೊಟ್ಟರು. ಈ ತಪ್ಪಿಗೆ ನಾನೊಬ್ಬಳೇ ಹೊಣೆ.' ಚೀಟಿ ಇಲ್ಲದಿದ್ದರೆ ತಪ್ಪು ಪೇಂಟರದು ಎನ್ನುತ್ತೀರಿ. ಆದರೆ ನೀವು ಕೇಳಿದಿರಿ ಅಬ್ಬಾ. ನಾನು ಸರಿ ಇದೆ ಎಂದೆ. ಅದೇ ನನ್ನ ಸಹಿ.

ಆಮೇಲೆ ಬೋರ್ಡು. ಸೀನಿಯರ್‌ಗೂ ನನಗೂ ಕೆಲಸ ಮಾಡುವ ಗುಮಾಸ್ತ ಕದಿರಯ್ಯ, "ಮೇಡಮ್ಮಾರೆ, ಭಾನುವಾರ ಬೀದೀಲಿ ನರಪಿಳ್ಳೇನೂ ಇರಾಕಿಲ್ಲ, ನಾನೇ ಕೆರೆದ್ಬುಡ್ತೀನಿ" ಅಂದ. ಬೇಡವೆಂದೆ. ಎಲ್ಲರ ಮುಂದೆ ಹತ್ತಿದ್ದು ಎಲ್ಲರ ಮುಂದೆಯೇ ಇಳಿಯಲಿ. ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ, ವಕೀಲರೆಲ್ಲ ಕೋರ್ಟಿಗೆ ಹೋಗುವ ಹೊತ್ತಿಗೆ, ಕರಿ ಕೋಟು ಹಾಕಿಕೊಂಡೇ ಸ್ಟೂಲು ಹತ್ತಿದೆ. ಥಿನ್ನರಿನಲ್ಲಿ ಒರೆಸಿದೆ, ಹೋಗಲಿಲ್ಲ. ಹತ್ತು ವರ್ಷದ ಬಿಸಿಲಿಗೆ ಜಗ್ಗದ ನಿಮ್ಮ ಬಣ್ಣ ನನ್ನ ಬಟ್ಟೆಚೂರಿಗೆ ಜಗ್ಗುತ್ತದೆಯೇ? ಕೊನೆಗೆ ಬ್ಲೇಡು ತೆಗೆದುಕೊಂಡೆ. ಕೆಳಗೆ ಆರೇಳು ಜನ ನಿಂತರು. "ಏನ್ ಮೇಡಂ, ಡಿಗ್ರಿ ವಾಪಸ್ ತಗಂಡ್ರಾ?" ಎಂದು ಒಬ್ಬರು ಕೇಳಿದರು. "ಇರಲೇ ಇಲ್ಲ ಸಾರ್" ಅಂದೆ. ಕಿವಿ ಕೆಂಡದ ಹಾಗೆ ಸುಡುತ್ತಿತ್ತು. ಗಂಗಹನುಮಯ್ಯನವರೂ ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. "ಎಲ್‌ಎಲ್.ಬಿ.ಗೆ ಬ್ಲೇಡ್ ತಾಗ್ಸಬ್ಯಾಡ, ಅದು ಗಟ್ಟಿ ಐತೆ" ಎಂದು ಹೇಳಿ ಹೋದರು.

ಈಗ ನನ್ನ ಹೆಸರಿನ ಪಕ್ಕದಲ್ಲಿ ತುರಿಕಜ್ಜಿ ಬಂದ ಹಾಗೆ ಒಂದು ಜಾಗವಿದೆ. ಎಂ.ಎ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಅಷ್ಟು ಚೆಂದದ ಕೆಲಸವನ್ನು ಕೆಡಿಸಿದೆ, ಕ್ಷಮಿಸಿ.

ನಿಮ್ಮ
ಅತಿಯಾ


ಶಿರಾ
14 ಅಕ್ಟೋಬರ್ 2024

ಬೇಟಿ ಅತಿಯಾಗೆ ಸಲಾಮು.

ಬ್ಲೇಡು ಹಾಕಿದೆಯಾ? ಯಾ ಅಲ್ಲಾ, ನನ್ನ ನೀಲಿ ನೆಲಕ್ಕೆ ಬ್ಲೇಡು ಹಾಕಿದೆಯಲ್ಲೇ! ಮೂರು ಕೋಟು ಬಳಿದಿದ್ದೆ ಅದಕ್ಕೆ. ಒಂದು ಕಾಗದ ಬರೆದು ಕೇಳಿದ್ದರೆ ಹೇಗೆ ತೆಗೆಯಬೇಕೆಂದು ಹೇಳುತ್ತಿದ್ದೆ.

ಛಾಪಾ ಕಾಗದ ಲಗತ್ತಿಸಲಿಲ್ಲ ಎಂದು ಓದಿ ಮೊದಲು ಸಿಟ್ಟು ಬಂತು. ಕಾಗದವನ್ನು ಅಮ್ಮಿಯ ಮುಂದೆ ಎಸೆದೆ. ಅವಳು ಓದಿ ಏನೋ ಅಂದಳು, ಕೇಳಿಸಲಿಲ್ಲ, ಅವಳ ಕಣ್ಣು ಒದ್ದೆಯಾದದ್ದು ಕಾಣಿಸಿತು. ಆಮೇಲೆ ನಾನೇ ಎತ್ತಿಕೊಂಡು ಇನ್ನೊಂದು ಸಲ ಓದಿದೆ. ನಿನ್ನ ಮುಂದೆ ನನಗೆ ತಲೆ ತಗ್ಗಿಸುವ ಹಾಗಾಗಿದೆ ಬೇಟಿ. ನೀನು ಹತ್ತೂಕಾಲಿಗೆ ಹತ್ತಿದ ಸ್ಟೂಲನ್ನು ನಾನು ಐದು ವರ್ಷದ ಹಿಂದೆ ಹತ್ತಬೇಕಿತ್ತು.

ಆ ತುರಿಕಜ್ಜಿಯ ಬೋರ್ಡು ಹಾಗೇ ಇರಬಾರದು. ಇಜಾಜ್ ಫ್ಲೆಕ್ಸು ಮಾಡಿಕೊಡುತ್ತೇನೆ ಎನ್ನುತ್ತಾನೆ, ಅವನ ಫ್ಲೆಕ್ಸು ಎರಡು ಬೇಸಿಗೆಗೆ ಬಿಳುಚಿಕೊಳ್ಳುತ್ತದೆ. ನಾನೇ ಬರುತ್ತೇನೆ. ಮೊಣಕಾಲು ಏಣಿ ಹತ್ತಲು ಒಪ್ಪುವುದಿಲ್ಲ, ಬೋರ್ಡು ಇಳಿಸಿ ಕೊಟ್ಟರೆ ನೆಲದ ಮೇಲೆ ಕೂತು ಬರೆಯುತ್ತೇನೆ. ಕೈ ನಡುಗುತ್ತದೆಂದು ನೀವೆಲ್ಲ ಹೇಳುತ್ತೀರಿ. ಬ್ರಷ್ಷು ಹಿಡಿದರೆ ನಡುಗುವುದಿಲ್ಲ, ಬಂದಾಗ ನೋಡು.

ಆದರೆ ಈ ಸಲ ಚೀಟಿ ಬೇಕು. ಮಗಳೂ ಗಿರಾಕಿಯೇ. ಚುಕ್ಕೆ, ಒತ್ತು, ಕೊಂಬು ಎಲ್ಲ ನೋಡಿಕೊಂಡು ಏನೇನು ಬರೆಯಬೇಕೋ ಬರೆದು ಕಳಿಸು. ಕೆಳಗೆ ಸಹಿ ಇರಲಿ.

ನಿನ್ನ ಅಬ್ಬಾ
ಕರೀಮ್ ಸಾಬ್


ಮಧುಗಿರಿ
25 ಅಕ್ಟೋಬರ್ 2024

ಅಬ್ಬಾಜಾನ್‌ಗೆ ಸಲಾಮು.

ಎಂ.ಎ.ಗೆ ಆಯ್ಕೆಯಾದವರ ಪಟ್ಟಿ ಬಂತು. ಹದಿನಾಲ್ಕನೆಯ ಹೆಸರು ನನ್ನದು. ಪದವಿ ಎಂಬ ಕಾಲಮ್ಮಿನಲ್ಲಿ 'ಎಲ್‌ಎಲ್.ಬಿ.' ಎಂದಷ್ಟೇ ಇದೆ. ಗಂಗಹನುಮಯ್ಯನವರಿಗೆ ತೋರಿಸಲು ಹೋಗಿದ್ದೆ. ಪಟ್ಟಿಯನ್ನು ಎರಡು ಸಲ ಓದಿದರು, ಕದಿರಯ್ಯನನ್ನು ಕೂಗಿ ಎರಡು ಟೀ ತರಲು ಹೇಳಿದರು.

ನೀವು ಕೇಳಿದ ಚೀಟಿ ಕೆಳಗಿದೆ.

ಬರೆಯಬೇಕಾದದ್ದು:

ಅತಿಯಾ ಬಾನು
ಎಲ್‌ಎಲ್.ಬಿ.
ವಕೀಲರು

ಬಲಗಡೆಯ ಕೆಳಮೂಲೆಯಲ್ಲಿ, ಚಿಕ್ಕದಾಗಿ:

ಕರೀಮ್ ಆರ್ಟ್ಸ್, ಶಿರಾ

(ಕಳೆದ ಸಲ ಮಗಳ ಬೋರ್ಡಿನಲ್ಲಿ ಜಾಹೀರಾತು ಯಾಕೆಂದು ಇದನ್ನು ಬಿಟ್ಟಿದ್ದಿರಿ. ಈ ಸಲ ಬಿಡಬಾರದು.)

ಓದಿ ನೋಡಿದ್ದೇನೆ. ಎಲ್ಲ ಸರಿ ಇದೆ ಅಬ್ಬಾ. ತಪ್ಪಿದ್ದರೆ ನನ್ನದು.

ಸಹಿ
ಅತಿಯಾ